ಮನೆಯ ಕಚೇರಿಗೆ ನೆಚ್ಚಿಕೊಳ್ಳಬಹುದಾದ ಪ್ರಿಂಟರ್ ಯಾವುದು? ದುರಸ್ತಿಗಾರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ಮನೆಯಿಂದಲೇ ಕೆಲಸ ಮಾಡುವ ಸದಸ್ಯರು ಪ್ರಿಂಟರ್ ವಿಚಾರ ಕೇಳುತ್ತಲೇ ಇದ್ದೀರಿ. ಪ್ರಿಂಟರ್ ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ನಮ್ಮ ಸದಸ್ಯರೊಬ್ಬರು ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಹಾಕುವ ಮುನ್ನ ಮೇಲಿನದನ್ನು ಓದಿಕೊಳ್ಳಿ. ಕೇಳಿದ್ದನ್ನೇ ಕೇಳಬೇಡಿ.

ಲೆಕ್ಕಿಗರು: ನಮಸ್ಕಾರ ಸರ್. ತೆರಿಗೆ ಲೆಕ್ಕ ಸಲ್ಲಿಸುವ ಸಮಯದಲ್ಲಿ ನನಗೆ ದಿನವಿಡೀ ಮುದ್ರಣದ ಕೆಲಸ. ಉಳಿದ ತಿಂಗಳುಗಳಲ್ಲಿ ಪ್ರಿಂಟರ್ ಸುಮ್ಮನೆ ಕುಳಿತಿರುತ್ತದೆ. ಎಲ್ಲವೂ ಕಪ್ಪು ಬಿಳುಪು. ಯಾವ ಕಂಪನಿಯದನ್ನು ನಂಬಬಹುದು?

ದುರಸ್ತಿಗಾರರು: ನಮಸ್ಕಾರ. ಕಂಪನಿಯ ಮಾತು ಆಮೇಲೆ. ಮೊದಲು ಎರಡು ವಿಷಯ ಗೊತ್ತಾಗಬೇಕು: ಎಷ್ಟು ದಿನಕ್ಕೊಮ್ಮೆ ಮುದ್ರಿಸುತ್ತೀರಿ, ಬಣ್ಣ ಬೇಕೋ ಬೇಡವೋ. ನನ್ನ ಮೇಜಿಗೆ ಬರುವ ಮನೆಬಳಕೆಯ ಇಂಕ್‌ಜೆಟ್‌ಗಳಲ್ಲಿ ಬಹುಪಾಲು ದುಡಿದು ಸವೆದವಲ್ಲ, ಕೆಲಸವಿಲ್ಲದೆ ಒಣಗಿದವು. ಅವುಗಳ ಶಾಯಿಯಲ್ಲಿ ಹೆಚ್ಚಿನದು ನೀರು. ಅದು ಹೆಡ್ ಎಂಬ ಭಾಗದ ಕೂದಲೆಳೆಗಿಂತ ಸಣ್ಣ ರಂಧ್ರಗಳಿಂದ ಹೊರಬರಬೇಕು. ವಾರಗಟ್ಟಲೆ ಬಿಟ್ಟರೆ ರಂಧ್ರದ ಬಾಯಲ್ಲೇ ಗಟ್ಟಿಯಾಗುತ್ತದೆ. ಲೇಸರ್‌ನಲ್ಲಿರುವುದು ಟೋನರ್ ಎಂಬ ಪ್ಲಾಸ್ಟಿಕ್ ಪುಡಿ, ಒಣಗಲು ಅದರಲ್ಲಿ ನೀರೇ ಇಲ್ಲ. ನಿಮ್ಮಂಥ ಬಳಕೆಗೆ ಕಪ್ಪು ಬಿಳುಪು ಲೇಸರ್, ಎರಡೂ ಬದಿ ತಾನೇ ಮುದ್ರಿಸುವಂಥದ್ದು.

ಕೊಳ್ಳುವಾಗ ಯಂತ್ರದ ಬೆಲೆಯನ್ನಷ್ಟೇ ನೋಡಬೇಡಿ. ಟೋನರ್‌ನ ಬೆಲೆಯನ್ನು ಅದು ಕೊಡುವ ಪುಟಗಳ ಸಂಖ್ಯೆಯಿಂದ ಭಾಗಿಸಿ. ಆ ಸಂಖ್ಯೆ ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನದಂಡದ ವಿಧಾನದಲ್ಲಿ ಅಳೆದದ್ದೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಎರಡು ಕಂಪನಿಗಳ ಸಂಖ್ಯೆಗಳನ್ನು ಹೋಲಿಸಲು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಮೊದಲ ಟೋನರ್ ಬಹಳಷ್ಟು ಮಾದರಿಗಳಲ್ಲಿ ಪೂರ್ತಿ ತುಂಬಿದ್ದಲ್ಲ. ಇನ್ನು, ದೊಡ್ಡ ಅಕ್ಷರದಲ್ಲಿ ಬರೆದ ತಿಂಗಳ ಗರಿಷ್ಠ ಪುಟಸಂಖ್ಯೆಗೆ ಮರುಳಾಗಬೇಡಿ. ಅದು ಯಂತ್ರ ಹೇಗೋ ಸಹಿಸಬಹುದಾದ ಮಿತಿ. ಶಿಫಾರಸು ಮಾಡಿದ ಪುಟಗಳು ಎಂಬ ಇನ್ನೊಂದು ಸಂಖ್ಯೆ ಸಣ್ಣ ಅಕ್ಷರದಲ್ಲಿರುತ್ತದೆ, ಅದೇ ನಿಮ್ಮದು. ಸಲ್ಲಿಕೆಯ ತಿಂಗಳಿನ ಲೆಕ್ಕ ಹಿಡಿದು ನೋಡಿ, ವರ್ಷದ ಸರಾಸರಿ ಹಿಡಿಯಬೇಡಿ.

ಹೊಸ ಸದಸ್ಯ: ಸರ್, ಮನೆಗೆ ಯಾವ ಪ್ರಿಂಟರ್ ಒಳ್ಳೆಯದು?

ದುರಸ್ತಿಗಾರರು: ಎಷ್ಟು ದಿನಕ್ಕೊಮ್ಮೆ? ಬಣ್ಣ ಬೇಕೇ?

ಹೊಸ ಸದಸ್ಯ: ಯಾವಾಗಲಾದರೊಮ್ಮೆ. ಬಣ್ಣ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ದುರಸ್ತಿಗಾರರು: ಹಾಗಾದರೆ ಮೇಲಿನ ಉತ್ತರವೇ.

ಅನುವಾದಕಿ: ನನ್ನದು ಕೊಳ್ಳುವ ಪ್ರಶ್ನೆಯಲ್ಲ, ಕ್ಷಮಿಸಿ. ಇರುವ ಲೇಸರ್ ಪ್ರಿಂಟರ್‌ನಲ್ಲಿ ಪುಟದ ಬಲಭಾಗದಲ್ಲಿ ಬೂದು ಬಣ್ಣದ ಕಲೆ ಬರುತ್ತಿದೆ. ಒಂದೇ ಪುಟದಲ್ಲಿ ಮೇಲಿನಿಂದ ಕೆಳಗೆ ಮತ್ತೆ ಮತ್ತೆ. ಹೊಸದನ್ನೇ ಕೊಳ್ಳಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಯಂತ್ರ ಹಳೆಯದೇನೂ ಅಲ್ಲ.

ದುರಸ್ತಿಗಾರರು: ಎಲ್ಲರೂ ಎಂದರೆ ಯಾರು? ಅಳತೆಪಟ್ಟಿ ತೆಗೆದುಕೊಳ್ಳಿ ಮೇಡಂ. ಒಂದು ಕಲೆಯ ಮೇಲಂಚಿನಿಂದ ಮುಂದಿನ ಕಲೆಯ ಮೇಲಂಚಿಗೆ ಎಷ್ಟು ಮಿಲಿಮೀಟರ್? ಅಂಚು ಚೂಪಾಗಿದೆಯೇ, ಮಸುಕಾಗಿದೆಯೇ?

ನಿವೃತ್ತ ಮೇಷ್ಟ್ರು: ಎಲ್ಲರಿಗೂ ಉಪಯುಕ್ತ, ತಪ್ಪದೆ ಹಂಚಿರಿ: "ಪ್ರಿಂಟರ್ ಹೆಡ್ ಒಣಗಿದೆಯೇ? ಕುದಿಯುವ ನೀರಿಗೆ ವಿನೆಗರ್ ಬೆರೆಸಿ ಹೆಡ್ ಅದ್ದಿಡಿ. ಆಗದಿದ್ದರೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಸೂಜಿಯಿಂದ ಬಿಡಿಸಿ. ಕಾಗದ ಎಳೆಯದಿದ್ದರೆ ರೋಲರ್‌ಗೆ ಹೊಲಿಗೆ ಯಂತ್ರದ ಎಣ್ಣೆ. ಅಂಗಡಿಯವರು ಈ ಗುಟ್ಟು ಹೇಳುವುದಿಲ್ಲ!"

ದುರಸ್ತಿಗಾರರು: ಅಂಗಡಿಯವರು ಹೇಳದಿರುವುದು ಗುಟ್ಟು ಎಂಬ ಕಾರಣಕ್ಕಲ್ಲ ಮೇಷ್ಟ್ರೇ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ, ಅದು ಹೆಡ್‌ನ ಪ್ಲಾಸ್ಟಿಕ್ಕನ್ನೂ ಅಂಟನ್ನೂ ಕರಗಿಸುತ್ತದೆ. ಸೂಜಿ ಆ ರಂಧ್ರಗಳಿಗಿಂತ ಎಷ್ಟೋ ಪಟ್ಟು ದಪ್ಪ, ಚುಚ್ಚಿದರೆ ಹೆಡ್ ಮುಗಿಯಿತು. ಕಾಗದವನ್ನು ಎಳೆಯುವುದೇ ರಬ್ಬರಿನ ಹಿಡಿತ. ಅದಕ್ಕೆ ಎಣ್ಣೆ ಹಚ್ಚಿದರೆ ಎಳೆಯುವುದೇನನ್ನು? ರೋಲರ್ ಜಾರುತ್ತಿದ್ದರೆ ಎಳೆ ಬಿಡದ ಬಟ್ಟೆಯನ್ನು ನೀರಿನಲ್ಲಿ ಹಿಂಡಿ ಒರೆಸಿ, ಒಣಗಲು ಬಿಡಿ. ಅಷ್ಟೇ. ದಯವಿಟ್ಟು ಈ ಸಂದೇಶವನ್ನು ಅಳಿಸಿ.

ನಿವೃತ್ತ ಮೇಷ್ಟ್ರು: ನನಗೆ ಬಂದದ್ದನ್ನು ಹಂಚಿದೆ, ಒಳ್ಳೆಯ ಉದ್ದೇಶದಿಂದ.

ಅನುವಾದಕಿ: ಅಳೆದೆ. 75 ಮಿಲಿಮೀಟರ್. ಪ್ರತಿ ಬಾರಿಯೂ ಅಷ್ಟೇ. ಅಂಚು ಮಸುಕು, ಮೋಡದ ಹಾಗೆ. ಅಗಲ ಎರಡು ಬೆರಳು.

ದುರಸ್ತಿಗಾರರು: ಇದು ನೋಡಿ ಪ್ರಶ್ನೆ ಕೇಳುವ ರೀತಿ.

ಲೇಸರ್ ಪ್ರಿಂಟರ್ ಒಳಗೆ ಕಾಗದವನ್ನು ಮುಟ್ಟುವ ಭಾಗಗಳಲ್ಲಿ ಬಹುಪಾಲು ಉರುಳೆಗಳೇ. ಉರುಳೆಯ ಮೇಲಿನ ಒಂದು ದೋಷ ಅದು ಒಂದು ಸುತ್ತು ಬಂದಾಗಲೆಲ್ಲ ಕಾಗದದ ಮೇಲೆ ಬೀಳುತ್ತದೆ. ಆದ್ದರಿಂದ ಕಲೆಗಳ ನಡುವಿನ ದೂರವೆಂದರೆ ಆ ಉರುಳೆಯ ಸುತ್ತಳತೆ. 75ನ್ನು 3.14ರಿಂದ ಭಾಗಿಸಿ: ಸುಮಾರು 24 ಮಿಲಿಮೀಟರ್ ವ್ಯಾಸ. ಚಿಕ್ಕ ಲೇಸರ್‌ಗಳಲ್ಲಿ ಅದು ಪುಡಿಯನ್ನು ಹಿಡಿದು ಕಾಗದಕ್ಕೆ ದಾಟಿಸುವ ಉರುಳೆಯ, ಅಂದರೆ ಡ್ರಮ್‌ನ ಅಳತೆ. ಕಾಗದ ಎಳೆಯುವ ರೋಲರ್ ಆಗಿದ್ದರೆ ದೂರ ಬೇರೆ ಇರುತ್ತಿತ್ತು. ಆದರೆ ಕೆಲವು ಯಂತ್ರಗಳಲ್ಲಿ ಪುಡಿಯನ್ನು ಕರಗಿಸಿ ಅಂಟಿಸುವ ಫ್ಯೂಸರ್‌ನ ಸುತ್ತುವ ಕೊಳವೆಯೂ ಹೆಚ್ಚುಕಡಿಮೆ ಇದೇ ಅಳತೆಗೆ ಬರುತ್ತದೆ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿ. ಒಂದು ಪುಟ ಮುದ್ರಿಸಲು ಕೊಟ್ಟು, ಕಾಗದ ಅರ್ಧ ಒಳಗೆ ಹೋದಾಗ ಮುಂದಿನ ಬಾಗಿಲು ತೆರೆಯಿರಿ, ಯಂತ್ರ ನಿಲ್ಲುತ್ತದೆ. ಕಾರ್ಟ್ರಿಜ್ (ಟೋನರ್ ತುಂಬಿದ ಡಬ್ಬಿ) ತೆಗೆದು ಕಾಗದವನ್ನು ನಿಧಾನವಾಗಿ ಹೊರಗೆಳೆಯಿರಿ. ಫ್ಯೂಸರ್ ಮುಟ್ಟದ ಭಾಗದಲ್ಲಿ ಅಕ್ಷರಗಳು ಬೆರಳಿಗೆ ಹತ್ತುವ ಸಡಿಲ ಪುಡಿಯಾಗಿರುತ್ತವೆ. ಕಲೆ ಅಲ್ಲೂ ಇದ್ದರೆ ಫ್ಯೂಸರ್ ನಿರಪರಾಧಿ. ಒಳಗಿನ ಲೋಹದ ಭಾಗ ಸುಡುತ್ತಿರುತ್ತದೆ, ಮುಟ್ಟಬೇಡಿ. ತೆಗೆದ ಕಾರ್ಟ್ರಿಜ್ ಮೇಲೆ ಬಟ್ಟೆ ಹೊದಿಸಿ.

ಚೂಪಾದ ಚುಕ್ಕೆಯಾಗಿದ್ದರೆ ಡ್ರಮ್‌ಗೆ ಗೀರು ಬಿದ್ದಿದೆ ಎನ್ನುತ್ತಿದ್ದೆ. ಮೋಡದಂಥ ಕಲೆ ಎಂದಿರಿ. ಆದ್ದರಿಂದ ಕೇಳುತ್ತೇನೆ: ಈಚೆಗೆ ಆ ಕಾರ್ಟ್ರಿಜ್ ಬೆಳಕಿನಲ್ಲಿ ಹೊರಗಿತ್ತೇ?

ವಿನ್ಯಾಸಕ: ಶಾಯಿಯ ಟ್ಯಾಂಕ್ ಇರುವ ಇಂಕ್‌ಜೆಟ್ ಕೊಂಡಿದ್ದರೆ ಈ ಡ್ರಮ್, ಫ್ಯೂಸರ್ ತಲೆನೋವೇ ಇರುತ್ತಿರಲಿಲ್ಲ. ನಾನು ದಿನವೂ ಬಣ್ಣದಲ್ಲಿ ಮುದ್ರಿಸುತ್ತೇನೆ, ಒಮ್ಮೆಯೂ ಕೈಕೊಟ್ಟಿಲ್ಲ. ಲೇಸರ್ ಎನ್ನುವುದು ಹಳೆಯ ಕಾಲದ ಕಚೇರಿಯ ಅಭ್ಯಾಸ.

ಲೆಕ್ಕಿಗರು: ದಿನವೂ ಮುದ್ರಿಸುತ್ತೀರಲ್ಲ, ಅದಕ್ಕೇ ಕೈಕೊಟ್ಟಿಲ್ಲ. ಸರ್ ಹೇಳಿದ್ದನ್ನು ಓದಿದಿರಾ?

ವಿನ್ಯಾಸಕ: ಓದಿದೆ. ವಾರಕ್ಕೊಂದು ಪುಟ ಮುದ್ರಿಸಲೂ ಆಗದವರಿಗೆ ಪ್ರಿಂಟರ್ ಏಕೆ ಬೇಕು ಎಂಬುದು ನನ್ನ ಪ್ರಶ್ನೆ.

ಲೆಕ್ಕಿಗರು: ಯಂತ್ರ ನನಗಾಗಿ ಇರಬೇಕೋ, ಯಂತ್ರಕ್ಕಾಗಿ ನಾನೋ?

ಬೋಧಕಿ: ಇಬ್ಬರೂ ಸ್ವಲ್ಪ ತಾಳಿ. ಸರ್, ನನ್ನ ಪ್ರಿಂಟರ್ ಎರಡು ದಿನ ಸರಿಯಿರುತ್ತದೆ, ಆಮೇಲೆ ಆಫ್‌ಲೈನ್ ಎನ್ನುತ್ತದೆ. ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತದೆ.

ದುರಸ್ತಿಗಾರರು: ಪ್ರಿಂಟರ್ ಕೆಟ್ಟಿಲ್ಲ. ರೌಟರ್ ಅದಕ್ಕೆ ಹೊಸ ಐಪಿ ವಿಳಾಸ (ಮನೆಯ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಟ್ಟಿದೆ, ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಹುಡುಕುತ್ತಿದೆ. ಬಹುಪಾಲು ಇದೇ ಕಾರಣ. ರೌಟರ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ, ಕಂಪ್ಯೂಟರ್‌ನಲ್ಲಿ ಟಿಸಿಪಿ/ಐಪಿ ಪೋರ್ಟ್ ಆಗಿ ಅದೇ ವಿಳಾಸವನ್ನು ಸೇರಿಸಿ. ಮೊದಲ ಸಲವೇ ವೈಫೈ ಹಿಡಿಯದಿದ್ದರೆ ಬೇರೆ ಮಾತು: ಅನೇಕ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ವೈಫೈ ಕಾಣಿಸುವುದೇ ಇಲ್ಲ. ರೌಟರ್ ಹತ್ತಿರದಲ್ಲೇ ಇದ್ದರೆ ಕೇಬಲ್ ಹಾಕಿ, ನೆಮ್ಮದಿ.

ವಿನ್ಯಾಸಕರೇ, ನಿಮ್ಮ ಬಳಕೆಗೆ ಟ್ಯಾಂಕ್ ಸರಿಯಾದ ಆಯ್ಕೆ, ಅದರಲ್ಲಿ ಜಗಳವಿಲ್ಲ. ಆದರೆ ನಿಮ್ಮ ಬಳಕೆ ಎಲ್ಲರದಲ್ಲ. ಹೆಡ್ ಶುಚಿಗೊಳಿಸಿದಾಗಲೆಲ್ಲ ಶಾಯಿ ಒಳಗಿನ ಹೀರುವ ಪ್ಯಾಡ್‌ಗೆ ಹರಿಯುತ್ತದೆ. ಪ್ಯಾಡ್ ತುಂಬಿದೆ ಎಂದು ಯಂತ್ರದ ಲೆಕ್ಕ ಹೇಳಿದ ದಿನ ಮುದ್ರಣ ನಿಲ್ಲುತ್ತದೆ. ಬಳಕೆದಾರರೇ ಬದಲಿಸಬಹುದಾದ ಪ್ಯಾಡ್ ಇರುವ ಮಾದರಿ ಕೊಂಡವರು ಜಾಣರು. ಮತ್ತೆ, ಇಂಕ್‌ಜೆಟ್ಟನ್ನು ಗೋಡೆಯ ಸ್ವಿಚ್‌ನಿಂದ ಆರಿಸಬೇಡಿ. ಯಂತ್ರದ ಗುಂಡಿ ಒತ್ತಿದರೆ ಮಾತ್ರ ಹೆಡ್ ತನ್ನ ಮುಚ್ಚಳದಡಿ ಹೋಗಿ ಕೂರುತ್ತದೆ.

ಹೊಸ ಸದಸ್ಯೆ: ನಮಸ್ತೆ, ಮನೆಯ ಕಚೇರಿಗೆ ಒಳ್ಳೆಯ ಪ್ರಿಂಟರ್ ಹೇಳಿ.

ದುರಸ್ತಿಗಾರರು: ಮೇಲೆ ಇದೆ.

ತಂತ್ರಾಂಶದವರು: ಲಿನಕ್ಸ್‌ನಲ್ಲಿ ಸ್ಕ್ಯಾನರ್ ಸಮೇತ ತೊಂದರೆಯಿಲ್ಲದೆ ನಡೆಯುವ ಮಾದರಿ ಯಾವುದಾದರೂ ಇದೆಯೇ?

ಕುಶಲಕರ್ಮಿ: ಪಾರ್ಸೆಲ್ ಪೆಟ್ಟಿಗೆಗೆ ಅಂಟಿಸುವ ಚೀಟಿಗಳಿಗೆ ಥರ್ಮಲ್ ಪ್ರಿಂಟರ್ ಬೇರೆ ಕೊಳ್ಳಬೇಕೇ, ಇರುವ ಲೇಸರ್ ಸಾಕೇ?

ವಕೀಲರು: ನನ್ನ ಲೇಸರ್ ಪ್ರಿಂಟರ್ ಪುಟ ತೆಗೆಯಲು ಶುರು ಮಾಡಿದಾಗ ಯುಪಿಎಸ್ ಕೂಗುತ್ತದೆ. ಕಂಪ್ಯೂಟರ್ ಕೂಡ ಅದಕ್ಕೇ ಸೇರಿದೆ. ಇಂದು ಬೆಳಿಗ್ಗೆಯಿಂದ ಸುಟ್ಟ ವಾಸನೆ ಬೇರೆ. ಕೆಲಸ ಮಾತ್ರ ನಿಂತಿಲ್ಲ. ಪ್ರಿಂಟರ್ ಬದಲಿಸುವ ಸಮಯ ಬಂತೇ?

ದುರಸ್ತಿಗಾರರು: ಪ್ರಿಂಟರ್ ಪ್ಲಗ್ಗನ್ನು ಯುಪಿಎಸ್‌ನಿಂದ ಈಗಲೇ ಕಿತ್ತುಬಿಡಿ. ಉಳಿದದ್ದನ್ನು ಆಮೇಲೆ ಓದಿ.

ಫ್ಯೂಸರ್ ಕಾಯುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ. ಕಾಯುವ ಆ ಕ್ಷಣಗಳಲ್ಲಿ ಚಿಕ್ಕ ಲೇಸರ್ ಕೂಡ ಹಲವು ನೂರು ವ್ಯಾಟ್ ಎಳೆಯುತ್ತದೆ, ಕೆಲವು 1000 ದಾಟುತ್ತವೆ. 600 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದ ಮನೆಬಳಕೆಯ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಅದು ಕೂಗುವುದು ಸಂಕಟದಿಂದ. ಲೇಸರ್ ಪ್ರಿಂಟರ್‌ಗೆ ಗೋಡೆಯ ಸಾಕೆಟ್ಟೇ ಆಗಬೇಕು, ಯುಪಿಎಸ್ ಬೇಡ, ಹತ್ತು ಪ್ಲಗ್ ಸಿಕ್ಕಿಸಿದ ವಿಸ್ತರಣಾ ತಂತಿಯೂ ಬೇಡ. ವಾಸನೆ ಯಾವುದರಿಂದ ಬರುತ್ತಿದೆ? ಯುಪಿಎಸ್ ಮೈ ಬಿಸಿಯಿದೆಯೇ, ಬ್ಯಾಟರಿಯ ಕಡೆ ಉಬ್ಬಿದೆಯೇ?

ವಕೀಲರು: ಒಂದು ಅರ್ಜಿ ಮುದ್ರಣವಾಗುತ್ತಿದೆ. ಮುಗಿದ ಮೇಲೆ ನೋಡುತ್ತೇನೆ.

ದುರಸ್ತಿಗಾರರು: ಮುಗಿಯುವವರೆಗೆ ಕಾಯಬೇಡಿ ಸ್ವಾಮಿ. ಅರ್ಜಿಯನ್ನು ಇನ್ನೊಮ್ಮೆ ಮುದ್ರಿಸಬಹುದು.

ನಿವೃತ್ತ ಮೇಷ್ಟ್ರು: ಇದು ಬೇರೆ ಗುಂಪಿನಿಂದ: "ಟೋನರ್ ಮುಗಿಯಿತೇ? ಕಾರ್ಟ್ರಿಜ್ಜನ್ನು ಅರ್ಧ ಗಂಟೆ ಬಿಸಿಲಿಗೆ ಇಡಿ, ಗಟ್ಟಿಯಾದ ಪುಡಿ ಸಡಿಲವಾಗಿ ಇನ್ನೂ ನೂರು ಪುಟ ಬರುತ್ತದೆ." ಇದರಲ್ಲಿ ದ್ರವ, ಸೂಜಿ, ಎಣ್ಣೆ ಏನೂ ಇಲ್ಲ. ಸರಿಯೇ?

ದುರಸ್ತಿಗಾರರು: ಇಲ್ಲ! ಡ್ರಮ್ ಎಂಬುದು ಬೆಳಕಿಗೆ ಸ್ಪಂದಿಸಲೆಂದೇ ಮಾಡಿದ ವಸ್ತು. ಬೆಳಕು ಬಿದ್ದಲ್ಲಿ ವಿದ್ಯುದಾವೇಶ ಇಳಿಯಬೇಕು, ಇಳಿದಲ್ಲಿ ಪುಡಿ ಅಂಟಬೇಕು, ಲೇಸರ್ ಅಕ್ಷರ ಬರೆಯುವುದೇ ಹೀಗೆ. ಅದನ್ನು ಬಿಸಿಲಿಗೆ ಒಡ್ಡಿದರೆ ಆ ಭಾಗ ಆವೇಶ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪುಟ ಮಸುಕಾಗಿದ್ದರೆ ಕಾರ್ಟ್ರಿಜ್ಜನ್ನು ಅಡ್ಡ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಾಡಿಸಿ, ಕೆಲವು ಪುಟ ಬರುತ್ತವೆ. ಬಂದ ಸಂದೇಶಗಳನ್ನೆಲ್ಲ ಇಲ್ಲಿ ಸುರಿಯುವುದನ್ನು ನಿಲ್ಲಿಸುತ್ತೀರಾ ಮೇಷ್ಟ್ರೇ?

ಅನುವಾದಕಿ: ಇದನ್ನು ಓದಿ ನಡುಕ ಬಂತು. ಕಳೆದ ವಾರ ಮನೆ ಶುಚಿ ಮಾಡಿದವರು ಕಾರ್ಟ್ರಿಜ್ಜನ್ನು ಹೊರತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಮಧ್ಯಾಹ್ನದಿಂದ ಸಂಜೆಯವರೆಗೆ. ಒಂದು ಬದಿಗೆ ಪರದೆ ಇತ್ತು, ಇನ್ನೊಂದು ಬದಿಗೆ ಬಿಸಿಲು. ಅರ್ಧ ಪುಟದ ಪರೀಕ್ಷೆಯನ್ನೂ ಮಾಡಿದೆ: ಕಲೆ ಸಡಿಲ ಪುಡಿಯಲ್ಲೇ ಇದೆ.

ದುರಸ್ತಿಗಾರರು: ಹಾಗಾದರೆ ಡ್ರಮ್ಮೇ, ಬಿಸಿಲಿನದೇ ಪೆಟ್ಟು. ಪರದೆಯ ಮರೆಯಲ್ಲಿದ್ದ ಬದಿ ಉಳಿದುಕೊಂಡಿದೆ. ಪುಟದ ಬಲಭಾಗದಲ್ಲಿ ಮಾತ್ರ ಕಲೆ ಏಕೆ ಎಂಬುದಕ್ಕೂ ಇದೇ ಉತ್ತರ. ಕಾರ್ಟ್ರಿಜ್ಜನ್ನು ಕಪ್ಪು ಚೀಲದಲ್ಲಿ ಸುತ್ತಿ, ಕಪಾಟಿನ ಕತ್ತಲಲ್ಲಿ ಕೆಲವು ದಿನ ಇಟ್ಟು ನೋಡಿ. ಪೆಟ್ಟು ಹಗುರವಾಗಿದ್ದರೆ ಡ್ರಮ್ ಚೇತರಿಸಿಕೊಳ್ಳುವುದುಂಟು. ಬಿಸಿಲು ನೇರವಾಗಿ ಬಿದ್ದಿರುವುದರಿಂದ ಹೆಚ್ಚು ಆಸೆ ಬೇಡ. ಚೇತರಿಸದಿದ್ದರೆ, ಡ್ರಮ್ ಕಾರ್ಟ್ರಿಜ್‌ನಲ್ಲೇ ಇರುವ ಮಾದರಿಯಾದರೆ ಹೊಸ ಕಾರ್ಟ್ರಿಜ್, ಬೇರೆಯಾಗಿದ್ದರೆ ಡ್ರಮ್ ಮಾತ್ರ. ಯಂತ್ರ ಚೆನ್ನಾಗಿಯೇ ಇದೆ. ಹೊಸ ಪ್ರಿಂಟರ್ ಕೊಳ್ಳಿ ಎಂದವರ ಮಾತು ಕೇಳಬೇಡಿ.

ಲೆಕ್ಕಿಗರು: ಹೊಸ ಕಾರ್ಟ್ರಿಜ್ ಎಂದರೆ ಕಂಪನಿಯದೇ ಆಗಬೇಕೇ? ಬೇರೆಯವರದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ.

ವಿನ್ಯಾಸಕ: ಇದೇ ನೋಡಿ, ಲೇಸರ್ ಅಗ್ಗ ಎಂದವರು ಈಗ ಅಗ್ಗದ ಪುಡಿ ಹುಡುಕುತ್ತಿದ್ದಾರೆ.

ಲೆಕ್ಕಿಗರು: ಅಗ್ಗ ಎಂದು ಯಾರು ಹೇಳಿದರು? ಒಣಗುವುದಿಲ್ಲ ಎಂದರು. ಓದಲು ಬಾರದವರಿಗೆ ಬಣ್ಣದ ಪುಟವಾದರೇನು, ಕಪ್ಪು ಪುಟವಾದರೇನು?

ವಿನ್ಯಾಸಕ: ಮಾತು ಹಿಡಿತದಲ್ಲಿರಲಿ.

ನಿರ್ವಾಹಕಿ: ಇಬ್ಬರಿಗೂ ಹೇಳುತ್ತಿದ್ದೇನೆ. ವೈಯಕ್ತಿಕ ಟೀಕೆ ಬೇಡ.

ದುರಸ್ತಿಗಾರರು: ಹೊರಗಿನ ಕಾರ್ಟ್ರಿಜ್‌ಗಳಲ್ಲಿ ಒಳ್ಳೆಯವೂ ಇವೆ, ಪುಡಿ ಸೋರುವವೂ ಇವೆ. ಕೆಲವು ಪ್ರಿಂಟರ್‌ಗಳು ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಬದಲಾದ ಮೇಲೆ ಅಂಥ ಚಿಪ್ ಇರುವ ಕಾರ್ಟ್ರಿಜ್ಜನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲೇ ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಓದಿ. ಪುಡಿ ಚೆಲ್ಲಿದರೆ ತಣ್ಣೀರಿನ ಬಟ್ಟೆಯಿಂದ ಒರೆಸಿ, ಬಿಸಿನೀರು ಹಾಕಿದರೆ ಪ್ಲಾಸ್ಟಿಕ್ ಕರಗಿ ಹತ್ತಿಕೊಳ್ಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಜಾಲರಿಯನ್ನು ದಾಟಿ ಪುಡಿ ಕೋಣೆಯ ತುಂಬ ಹಾರುತ್ತದೆ.

ಹೊಸ ಸದಸ್ಯ: ಸರ್, ಕೊನೆಗೆ ಯಾವ ಕಂಪನಿಯದು ಎಂದು ಹೇಳಲೇ ಇಲ್ಲ.

ದುರಸ್ತಿಗಾರರು: ನಿಮ್ಮ ಊರಿನಲ್ಲಿ ಯಾವ ಕಂಪನಿಯ ಟೋನರ್ ಮತ್ತು ಬಿಡಿಭಾಗ ಕೇಳಿದ ದಿನವೇ ಸಿಗುತ್ತವೆಯೋ ಅದು. ಇನ್ನು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ತಂತ್ರಾಂಶದವರು: ಲಿನಕ್ಸ್ ಬಗ್ಗೆ ಕೇಳಿದ್ದೆ.

ದುರಸ್ತಿಗಾರರು: ವಕೀಲರೇ, ಪ್ಲಗ್ ಕಿತ್ತಿರಾ?

ನಿವೃತ್ತ ಮೇಷ್ಟ್ರು: ಒದ್ದೆ ಕಾಗದಕ್ಕೆ ಇಸ್ತ್ರಿ ಹಾಕಿ ಬಳಸಬಹುದು ಎಂದು ಒಬ್ಬರು...

ದುರಸ್ತಿಗಾರರು: ಬೇಡ ಮೇಷ್ಟ್ರೇ. ಒದ್ದೆ ಕಾಗದವನ್ನು ಗೀಚಲು ಇಟ್ಟುಕೊಳ್ಳಿ. ಹೊಸ ಕಟ್ಟನ್ನು ಅದರ ಹೊದಿಕೆಯಲ್ಲೇ ಇಡಿ. ವಕೀಲರೇ?

ವಕೀಲರು: ಕಿತ್ತೆ. ಯುಪಿಎಸ್ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಒಂದು ಬದಿ ಉಬ್ಬಿದೆ. ವಾಸನೆ ಅದರದೇ.

ದುರಸ್ತಿಗಾರರು: ಕಂಪ್ಯೂಟರ್ ಮುಚ್ಚಿ. ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಯುಪಿಎಸ್‌ನ ಪ್ಲಗ್ ತೆಗೆಯಿರಿ. ಬಿಚ್ಚಬೇಡಿ, ಅಲುಗಾಡಿಸಬೇಡಿ, ಹತ್ತಿರದ ಕಾಗದಗಳನ್ನೆಲ್ಲ ದೂರ ಸರಿಸಿ ಕಿಟಕಿ ತೆರೆದಿಡಿ. ಹೊಗೆ ಕಂಡರೆ ಹತ್ತಿರ ನಿಲ್ಲದೆ ಅಗ್ನಿಶಾಮಕದವರನ್ನು ಕರೆಯಿರಿ. ತಣ್ಣಗಾದ ಮೇಲೆ ಬ್ಯಾಟರಿ ವಿಲೇವಾರಿ ಮಾಡುವವರ ಕೈಗೆ ಒಪ್ಪಿಸಿ. ಪ್ರಿಂಟರ್ ಬದಲಿಸಬೇಕಾಗಿಲ್ಲ. ಉಳಿದವರು ನಾಳೆ ಕೇಳಿ.