ಮಗಳಿಗೆ ಪಶುವೈದ್ಯೆಯಾಗುವ ಆಸೆ, ಸಾವಯವ ರಸಾಯನದಲ್ಲಿ ಸಿ ಬಂದಿದೆ

ತೀರ್ಥಹಳ್ಳಿಯ ತಾಯಿ:
ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಮಗಳು ಪದವಿಯ ಎರಡನೇ ವರ್ಷದಲ್ಲಿದ್ದಾಳೆ, ಪಶುವಿಜ್ಞಾನ ಅವಳ ಮುಖ್ಯ ವಿಷಯ. ಪದವಿ ಮುಗಿಸಿ ಪಶುವೈದ್ಯಕೀಯ ಓದಬೇಕೆಂಬುದು ಹೈಸ್ಕೂಲಿನಿಂದ ಇರುವ ಆಸೆ. ಈ ಸೆಮಿಸ್ಟರಿನಲ್ಲಿ ಸಾವಯವ ರಸಾಯನಶಾಸ್ತ್ರದ ಮೊದಲ ಭಾಗದಲ್ಲಿ ಸಿ ಗ್ರೇಡ್ ಬಂತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮನೆಯವರು, "ಜೀವಶಾಸ್ತ್ರಕ್ಕೆ ಬದಲಾಯಿಸಲಿ, ಮೆಡಿಕಲ್ ದಾರಿಯೂ ತೆರೆದಿರಲಿ" ಎನ್ನುತ್ತಿದ್ದಾರೆ. ಊರಿನಿಂದ ಭಾವನವರು ಫೋನ್ ಮಾಡಿ, "ದನದ ಡಾಕ್ಟರಾಗುವುದಕ್ಕೆ ಇಷ್ಟು ಓದಬೇಕೇ?" ಎಂದು ಕೇಳಿದರು. ಅದು ಅವಳ ಕಿವಿಗೂ ಬಿತ್ತು. ಸಿ ಬಂದ ವಿಷಯವನ್ನು ಮತ್ತೆ ಓದಬೇಕೇ? ಎರಡೂ ದಾರಿಗಳನ್ನು ಇಟ್ಟುಕೊಳ್ಳಲು ಸಾಧ್ಯವೇ?

ಎಂಡಿ ಎರಡನೇ ವರ್ಷ:
ಅಕ್ಕ, ಮುಖ್ಯ ವಿಷಯ ಬದಲಾಯಿಸುವುದು ಬೇಡ. ಪ್ರೀ-ಮೆಡ್, ಪ್ರೀ-ವೆಟ್ ಎಂಬ ಹೆಸರಿನಲ್ಲಿ ಪದವಿ ಕೊಡುವುದಿಲ್ಲ, ಅವು ಓದಿರಲೇಬೇಕಾದ ಕೆಲವು ವಿಷಯಗಳ ಪಟ್ಟಿ ಅಷ್ಟೇ. ನಾನು ಇತಿಹಾಸದಲ್ಲಿ ಪದವಿ ಪಡೆದು ಮೆಡಿಕಲ್ ಶಾಲೆಗೆ, ಅಂದರೆ ಊರಿನ ಎಂಬಿಬಿಎಸ್‌ಗೆ ಸಮನಾದ ಇಲ್ಲಿಯ ಎಂಡಿಗೆ, ಬಂದವನು. ಜೀವಶಾಸ್ತ್ರ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತಶಾಸ್ತ್ರ, ಜೀವರಸಾಯನ: ಇಷ್ಟು ಎರಡೂ ಕಡೆ ಬಹುಮಟ್ಟಿಗೆ ಒಂದೇ. ಆದರೆ ಮೆಡಿಕಲ್‌ಗೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2015ರಿಂದ ಅದರಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರವೂ ಸೇರಿವೆ. ಏಳು ಗಂಟೆಗೂ ಮೀರಿದ ಪರೀಕ್ಷೆ, "ಇರಲಿ ನೋಡೋಣ" ಎಂದು ಬರೆಯುವಂಥದ್ದಲ್ಲ.

ಮೈಸೂರಿನ ವೈದ್ಯ:
ನನಗೆ ಈ ಪದ್ಧತಿಯೇ ಅನ್ಯಾಯವೆನಿಸುತ್ತದೆ. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದರೆ ಐದೂವರೆ ವರ್ಷಕ್ಕೆ ಎಂಬಿಬಿಎಸ್ ಆಗುತ್ತದೆ, ಇಂಟರ್ನ್‌ಶಿಪ್ ಸೇರಿ. ಪಶುವೈದ್ಯ ಪದವಿಯಾದ ಬಿವಿಎಸ್‌ಸಿಗೂ ಅಷ್ಟೇ ಅವಧಿ. ಅಲ್ಲಿ ನಾಲ್ಕು ವರ್ಷದ ಪದವಿ, ಮೇಲೆ ನಾಲ್ಕು ವರ್ಷದ ವೃತ್ತಿ ಶಿಕ್ಷಣ, ತಲೆಯ ಮೇಲೆ ಸಾಲ. ಆ ಮಗು ಅಳುತ್ತಿರುವುದು ತಾನು ಮುಂದೆ ಬಳಸದೇ ಇರುವ ರಾಸಾಯನಿಕ ಕ್ರಿಯೆಗಳಿಗಾಗಿ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ನಾನು ಒಂದು ದಿನವೂ ಬೆಂಜೀನ್ ಉಂಗುರ ಬರೆದಿಲ್ಲ.

ಹೆಬ್ಬಾಳದ ಹಳೆಯ ವಿದ್ಯಾರ್ಥಿ:
ಡಾಕ್ಟರೇ, ಸಾಲದ ಮಾತನ್ನು ಒಪ್ಪುತ್ತೇನೆ, ರಸಾಯನದ ಮಾತನ್ನು ಒಪ್ಪಲಾರೆ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಹಸುವಿಗೆ ಹಾಕುವುದನ್ನು ನೀವೂ ನೋಡಿರುತ್ತೀರಿ. ಮಾರನೆಯ ದಿನ ಅದು ಮೇವು ಬಿಟ್ಟು ಮಲಗುತ್ತದೆ. ಹುಲ್ಲು ತಿಂದಾಗ ದೊಡ್ಡಹೊಟ್ಟೆಯಲ್ಲಿ ಹೆಚ್ಚಾಗಿ ಅಸಿಟಿಕ್ ಆಮ್ಲ, ಜೊತೆಗೆ ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಹುಟ್ಟುತ್ತವೆ, ಹಸು ಬದುಕುವುದೇ ಅವುಗಳಿಂದ. ಪಿಷ್ಟ ಒಮ್ಮೆಲೇ ಬಿದ್ದರೆ ಲ್ಯಾಕ್ಟಿಕ್ ಆಮ್ಲ ತುಂಬಿ ರಕ್ತವೇ ಹುಳಿಯಾಗುತ್ತದೆ. ಇನ್ನು ಬೆಕ್ಕು. ಜ್ವರವೆಂದು ಯಾರೋ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ತಿನ್ನಿಸುತ್ತಾರೆ. ಆ ಔಷಧವನ್ನು ಗ್ಲುಕ್ಯುರಾನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಅಷ್ಟರಿಂದಲೇ ಸಾಯಬಹುದು. ನಿಮ್ಮದು ಒಂದೇ ಜಾತಿಯ ರೋಗಿ. ನಮ್ಮ ಮೇಜಿನ ಮೇಲೆ ಬರುವ ಪ್ರತಿ ಪ್ರಾಣಿಯ ಯಕೃತ್ತೂ ಬೇರೆ ಲೆಕ್ಕ ಇಡುತ್ತದೆ. ಆ ಲೆಕ್ಕದ ಭಾಷೆಯೇ ಸಾವಯವ ರಸಾಯನ.

ನಾನು ಹೆಬ್ಬಾಳದಲ್ಲಿ ಬಿವಿಎಸ್‌ಸಿ ಓದಿ ಇಲ್ಲಿ ಅಮೆರಿಕಕ್ಕೆ ಬಂದೆ, ವಿದೇಶಿ ಪದವೀಧರರಿಗಿರುವ ಇಸಿಎಫ್‌ವಿಜಿ ಪರೀಕ್ಷೆಗಳನ್ನೂ ಪಶುವೈದ್ಯರ ಪರವಾನಗಿಗೆ ಬೇಕಾದ ಎನ್‌ಎವಿಎಲ್‌ಇ ಪರೀಕ್ಷೆಯನ್ನೂ ಪಾಸು ಮಾಡಿದೆ. ನನ್ನ ತರಗತಿಯಲ್ಲಿ ಮೆಡಿಕಲ್ ಸೀಟು ತಪ್ಪಿದ್ದರಿಂದ ಬಂದವರು ಬಹಳ ಮಂದಿ ಇದ್ದರು, ನಾನೂ ಒಬ್ಬ. ಮೊದಲ ಸಲ ಹಸುವಿನ ಗರ್ಭಪರೀಕ್ಷೆಗೆ ಕೈಹಾಕಿದಾಗ ನನಗೆ ಹತ್ತೊಂಬತ್ತು ವರ್ಷ. ಆಗ ತಿಳಿಯಿತು, ನಾನು ಯಾವ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ ಎಂದು. ನನಗೆ ಅದು ಒಲಿಯಿತು, ಪುಣ್ಯ. ನನ್ನ ಕೊಠಡಿಯ ಗೆಳೆಯನಿಗೆ ಒಲಿಯಲಿಲ್ಲ. ಇಲ್ಲಿಯ ಮಕ್ಕಳು ಅರ್ಜಿ ಹಾಕುವ ಮೊದಲೇ ನೂರಾರು ಗಂಟೆ ಪಶುವೈದ್ಯರ ಜೊತೆ ನಿಂತಿರುತ್ತಾರೆ. ನನಗೆ ಸಿಗದೆ ಹೋದದ್ದು ಅದು.

ತಾಯಿ, ನಿಮ್ಮ ಪ್ರಶ್ನೆಗೆ: ಹಲವು ಶಾಲೆಗಳು ಸಿ ಇದ್ದರೆ ಒಪ್ಪುತ್ತವೆ. ಮತ್ತೆ ಓದಿದರೂ ಹಳೆಯ ಅಂಕ ಅರ್ಜಿಯ ಸರಾಸರಿಯಿಂದ ಅಳಿಸಿಹೋಗುವುದಿಲ್ಲ. ಎರಡನೇ ಭಾಗದಲ್ಲೂ ಜೀವರಸಾಯನದಲ್ಲೂ ಚೆನ್ನಾಗಿ ಮಾಡಲಿ. "ದನದ ಡಾಕ್ಟರು" ಎಂಬ ಮಾತಿಗೆ ಅವಳು ತಲೆ ತಗ್ಗಿಸಬಾರದು. ಈ ದೇಶದಲ್ಲಿ ಎಂಡಿ ಕೊಡುವ ಶಾಲೆಗಳು ನೂರೈವತ್ತಕ್ಕೂ ಹೆಚ್ಚು, ಪಶುವೈದ್ಯ ಶಾಲೆಗಳು ಮೂವತ್ತರ ಆಸುಪಾಸು.

ಮೈಸೂರಿನ ವೈದ್ಯ:
ಬೆಕ್ಕಿನ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನೀವು ಹೊಗಳಿದ ಆ ನೂರಾರು ಗಂಟೆಗಳಲ್ಲಿ ಬಹುಪಾಲು ಸಂಬಳವಿಲ್ಲದ ಕೆಲಸವಲ್ಲವೇ? ಓದಿನ ಜೊತೆ ಅಂಗಡಿಯಲ್ಲಿ ದುಡಿಯಬೇಕಾದ ಬಡವರ ಮಕ್ಕಳು ಅದನ್ನು ಎಲ್ಲಿಂದ ತರಬೇಕು? ನಮ್ಮ ನೀಟ್ ಕ್ರೂರವೇ ಇರಬಹುದು, ಇಂಥ ಗಂಟೆಗಳನ್ನು ಕೇಳುವುದಿಲ್ಲ.

ಹೆಬ್ಬಾಳದ ಹಳೆಯ ವಿದ್ಯಾರ್ಥಿ:
ನೀಟ್ ಕೋಚಿಂಗ್ ಶುಲ್ಕ ಕೇಳುತ್ತದಲ್ಲ, ಡಾಕ್ಟರೇ. ಆದರೂ ನಿಮ್ಮ ಮಾತು ನಿಜ. ನಮ್ಮ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗಳನ್ನು ಸಂಬಳಕ್ಕೇ ಇಟ್ಟುಕೊಳ್ಳುತ್ತೇವೆ. ಎಲ್ಲರೂ ಹಾಗೆ ಮಾಡುವುದಿಲ್ಲ.

ಡಲ್ಲಾಸಿನ ಅಪ್ಪ:
ಯಾರೂ ಹೇಳದ ಒಂದು ಮಾತು. ಮಗಳು ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಹೊಂದಿಕೊಂಡ ಎಚ್-4 ವೀಸಾದಲ್ಲಿದ್ದರೆ 21 ತುಂಬುವ ಮೊದಲೇ ಬೇರೆ ವೀಸಾ ನೋಡಿಕೊಳ್ಳಬೇಕು. ಅನೇಕ ಮೆಡಿಕಲ್ ಶಾಲೆಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ನಾವು ಅದನ್ನು ತಿಳಿಯದೆ ಮಗನಿಗೆ ಮೂರು ವರ್ಷ ಪ್ರೀ-ಮೆಡ್ ಓದಿಸಿದೆವು. ವಿಷಯಗಳ ಪಟ್ಟಿಗಿಂತ ಮೊದಲು ಪ್ರತಿ ಶಾಲೆಯ ಈ ನಿಯಮ ಓದಿ.

ತೀರ್ಥಹಳ್ಳಿಯ ತಾಯಿ:
ಎಲ್ಲರಿಗೂ ನಮಸ್ಕಾರ. ಅವಳು ಇಲ್ಲಿ ಹುಟ್ಟಿದವಳು, ವೀಸಾ ಚಿಂತೆ ಇಲ್ಲ. ನಿಮ್ಮ ಮಗನ ವಿಷಯ ಓದಿ ಸಂಕಟವಾಯಿತು ಸರ್. ಮದುವೆಮನೆಯ ಹಸುವಿನ ಭಾಗವನ್ನು ಅವಳಿಗೆ ಓದಿ ಹೇಳಿದೆ. ನಮ್ಮ ಅಜ್ಜಿ ಮನೆಯಲ್ಲಿ ಗೌರಿ ಎಂಬ ಹಸು ಹಾಗೆಯೇ ಹೋಗಿತ್ತು, ಯಾಕೆಂದು ನನಗೆ ಈಗ ಅರ್ಥವಾಯಿತು. ಅವಳು ಎದ್ದುಹೋಗಿ ಪುಸ್ತಕ ತಂದು ಲ್ಯಾಕ್ಟಿಕ್ ಆಮ್ಲದ ಪುಟ ತೋರಿಸಿದಳು. ಎರಡನೇ ಭಾಗವನ್ನು ಬೇಸಿಗೆಯಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಓದಬಹುದೇ ಎಂದು ಕೇಳುತ್ತಿದ್ದಾಳೆ.

ಹೆಬ್ಬಾಳದ ಹಳೆಯ ವಿದ್ಯಾರ್ಥಿ:
ಬೇಸಿಗೆಯ ಎಂಟು ವಾರಗಳಲ್ಲಿ ಅದನ್ನು ಮುಗಿಸುವುದು ಕಷ್ಟ, ಸಿ ಬಂದವಳಿಗೆ ಇನ್ನೂ ಕಷ್ಟ. ವಸಂತದ ಸೆಮಿಸ್ಟರಿನಲ್ಲಿ ತನ್ನ ವಿಶ್ವವಿದ್ಯಾಲಯದಲ್ಲೇ ಓದಲಿ, ಬೇಕಾದರೆ ಭೌತಶಾಸ್ತ್ರವನ್ನು ಮುಂದೂಡಲಿ. ಬೇಸಿಗೆಯಲ್ಲಿ ಯಾವುದಾದರೂ ಹೈನುಗಾರಿಕೆಯ ಊರಿನಲ್ಲಿ ಪಶುವೈದ್ಯರ ಹಿಂದೆ ಓಡಾಡಲಿ. ಗಂಟೆಗಳನ್ನು ಅಂದಂದೇ ಬರೆದಿಡಲು ಹೇಳಿ. ಅರ್ಜಿಯಲ್ಲಿ ಪಶುವೈದ್ಯರ ಕೈಕೆಳಗಿನ ಅನುಭವ ಒಂದು ಲೆಕ್ಕ, ಬರಿಯ ಪ್ರಾಣಿ ಸಾಕಣೆಯ ಅನುಭವ ಇನ್ನೊಂದು ಲೆಕ್ಕ.