ಹ್ಯಾಂಬಲ್ಡನ್ ಕ್ಲಬ್ಬನ್ನು ‘ಕ್ರಿಕೆಟ್ಟಿನ ತೊಟ್ಟಿಲು’ ಎನ್ನುವುದು ಎಷ್ಟು ಸರಿ?

ಪ್ರಶ್ನೆ: ಹೊಸ ಓದುಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹಳ್ಳಿಗಳ ಕ್ರಿಕೆಟ್ ಕ್ಲಬ್ಬುಗಳ ಬಗ್ಗೆ ಒಂದು ಲೇಖನ ಬರೆಯಲು ಹೊರಟಿದ್ದೇನೆ. ಯಾವ ಪುಸ್ತಕ ತೆರೆದರೂ ಹ್ಯಾಂಪ್‌ಷೈರ್ ಕೌಂಟಿಯ ಹ್ಯಾಂಬಲ್ಡನ್ ಎಂಬ ಹಳ್ಳಿ ಮೊದಲ ಪುಟಗಳಲ್ಲೇ ಎದುರಾಗುತ್ತದೆ. ಅದರ ಬೆನ್ನಿಗೇ ‘ಕ್ರಿಕೆಟ್ಟಿನ ತೊಟ್ಟಿಲು’ ಎಂಬ ಬಿರುದೂ ತಪ್ಪದೆ ಬರುತ್ತದೆ. ನನ್ನ ಗೊಂದಲ ಶುರುವಾಗುವುದೇ ಅಲ್ಲಿ. ಆಟದ ನಿಯಮಗಳು 1744ರಲ್ಲೇ ಲಂಡನ್ನಿನಲ್ಲಿ ಬರಹಕ್ಕೆ ಇಳಿದಿದ್ದವು. ಹ್ಯಾಂಬಲ್ಡನ್ ಹೆಸರು ಮಾಡಿದ್ದು 1760ರ ದಶಕದಿಂದ ಈಚೆಗೆ. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೆ ತೊಟ್ಟಿಲು ತಂದು ಕಟ್ಟಿದಂತಾಗಲಿಲ್ಲವೇ?

ಇನ್ನೊಂದು ಸಂದೇಹವೂ ಇದೆ. ಈ ಕ್ಲಬ್ಬಿನ ತಂಡ ಇಡೀ ಇಂಗ್ಲೆಂಡಿನಿಂದ ಆರಿಸಿದ ತಂಡವನ್ನು ಸೋಲಿಸಿತೆಂದು ಓದಿದ್ದೇನೆ. ಒಂದು ಹಳ್ಳಿಗೆ ಅಂಥ ಹನ್ನೊಂದು ಮಂದಿ ಎಲ್ಲಿಂದ ಸಿಕ್ಕರು, ಅವರ ಖರ್ಚುವೆಚ್ಚ ಯಾರು ನೋಡಿಕೊಳ್ಳುತ್ತಿದ್ದರು ಎಂಬುದು ನನಗೆ ಸ್ಪಷ್ಟವಾಗಿಲ್ಲ. ಜೊತೆಗೆ, ಆ ಕಾಲದ್ದೆಂದು ಹೇಳಬಹುದಾದ ಏನಾದರೂ ಈಗ ಅಲ್ಲಿ ಉಳಿದಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಇತಿಹಾಸದ ಮೇಷ್ಟ್ರು

ನಿಮ್ಮ ಅನುಮಾನ ಸರಿಯಾಗಿದೆ. ಆಟ ಹ್ಯಾಂಬಲ್ಡನ್ನಿನಲ್ಲಿ ಹುಟ್ಟಲಿಲ್ಲ. ಸರ್‍ರೆ ಕೌಂಟಿಯ ಗಿಲ್ಡ್‌ಫರ್ಡ್ ಪಟ್ಟಣದಲ್ಲಿ ಒಂದು ತುಂಡು ಜಮೀನಿನ ವ್ಯಾಜ್ಯ ನಡೆದಾಗ, ಜಾನ್ ಡೆರಿಕ್ ಎಂಬ ವ್ಯಕ್ತಿ ತಾನು ಶಾಲಾ ಹುಡುಗನಾಗಿದ್ದಾಗ ಅದೇ ಜಾಗದಲ್ಲಿ ‘ಕ್ರೆಕೆಟ್’ ಆಡಿದ್ದೇನೆಂದು ಸಾಕ್ಷಿ ನುಡಿದಿದ್ದಾನೆ. ಆ ದಾಖಲೆ 1598ರ ಜನವರಿಯದು, ಅವನು ನೆನಪಿಸಿಕೊಂಡ ಬಾಲ್ಯ ಸುಮಾರು 1550ರದು. 1611ರಲ್ಲಿ ಸಸೆಕ್ಸಿನ ಸಿಡ್ಲ್‌ಶಮ್‌ನಲ್ಲಿ ಭಾನುವಾರ ಚರ್ಚಿಗೆ ಹೋಗದೆ ಕ್ರಿಕೆಟ್ ಆಡಿದ್ದಕ್ಕೆ ಇಬ್ಬರಿಗೆ ದಂಡ ಬಿದ್ದಿದೆ. ಅಂದರೆ ಆಟ ಬೆಳೆದದ್ದು ಕೆಂಟ್, ಸಸೆಕ್ಸ್ ಮತ್ತು ಸರ್‍ರೆಯ ಹಳ್ಳಿಗಳಲ್ಲಿ. ಹ್ಯಾಂಬಲ್ಡನ್ ಆ ಸಾಲಿಗೆ ತಡವಾಗಿ ಬಂದ ಊರು.

ಹಾಗಾದರೆ ಬಿರುದು ಯಾಕೆ ಬಂತು? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಮುಖ್ಯ ಕಾರಣ ಒಬ್ಬ ಮಗ ತನ್ನ ತಂದೆಯ ಕಾಲವನ್ನು ಬರೆದಿಟ್ಟದ್ದು. ಕ್ಲಬ್ಬಿನ ನಾಯಕ ರಿಚರ್ಡ್ ನೈರೆನ್ ಮೈದಾನದ ಎದುರಿಗೇ ಪಾನಗೃಹ ನಡೆಸುತ್ತಿದ್ದವನು. ಅವನ ಮಗ ಜಾನ್ ನೈರೆನ್ ಬಾಲ್ಯದಲ್ಲಿ ಕಂಡ ಆಟಗಾರರನ್ನು ಮುಪ್ಪಿನಲ್ಲಿ ನೆನಪಿಸಿಕೊಂಡು ಹೇಳಿದ ಮಾತುಗಳನ್ನು ಚಾರ್ಲ್ಸ್ ಕೌಡನ್ ಕ್ಲಾರ್ಕ್ ತಿದ್ದಿ ಸಿದ್ಧಪಡಿಸಿದರು. ಅದು 1833ರಲ್ಲಿ ಪ್ರಕಟವಾಯಿತು. ಆ ಬರಹ ಎಷ್ಟು ಸೊಗಸಾಗಿದೆಯೆಂದರೆ, ಮುಂದಿನ ತಲೆಮಾರಿನವರು ಅದರಲ್ಲಿಲ್ಲದ ಊರುಗಳನ್ನು ಮರೆತೇಬಿಟ್ಟರು. ಕೆಂಟಿನ ಡಾರ್ಟ್‌ಫರ್ಡ್‌ಗೋ ಸಸೆಕ್ಸಿನ ಸ್ಲಿಂಡನ್ನಿಗೋ ಅಂಥ ಒಬ್ಬ ಮಗ ಇರಲಿಲ್ಲ, ಅಷ್ಟೇ.

ಆದರೆ ಬಿರುದು ತಪ್ಪಾದ ಮಾತ್ರಕ್ಕೆ ಕ್ಲಬ್ಬಿನ ಪಾತ್ರ ಸಣ್ಣದಾಗುವುದಿಲ್ಲ. ನಾವು ಇಂದು ನೋಡುವ ಬ್ಯಾಟಿನ ಅಗಲಕ್ಕೂ ಮೂರನೆಯ ಸ್ಟಂಪಿಗೂ ಈ ಕ್ಲಬ್ಬಿನ ಆಟಗಳೊಂದಿಗೆ ನೇರ ಸಂಬಂಧವಿದೆ. 1771ರ ಸೆಪ್ಟೆಂಬರ್ 23ರಂದು ಚರ್ಟ್ಸಿ ತಂಡದ ವಿರುದ್ಧದ ಪಂದ್ಯದಲ್ಲಿ ರೈಗೇಟ್ ಊರಿನ ವೈಟ್ ಎಂಬ ಎದುರಾಳಿ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದ. ಬ್ಯಾಟಿನ ಅಗಲಕ್ಕೆ ಅಲ್ಲಿಯವರೆಗೆ ಯಾವ ಮಿತಿಯೂ ಇರಲಿಲ್ಲವಾದ್ದರಿಂದ ಅವನನ್ನು ತಡೆಯಲು ಯಾರಿಗೂ ಅಧಿಕಾರವಿರಲಿಲ್ಲ. ಹ್ಯಾಂಬಲ್ಡನ್ ಒಂದೇ ಒಂದು ರನ್ನಿನಿಂದ ಗೆದ್ದಿತು. ಸೋತಿದ್ದರೆ ಹೊಟ್ಟೆಕಿಚ್ಚೆನ್ನಬಹುದಿತ್ತು; ಗೆದ್ದ ಎರಡೇ ದಿನಕ್ಕೆ ಅವರು ಕಾಗದ ತೆಗೆದು, ಇನ್ನು ಮುಂದೆ ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಎಂದು ಬರೆದರು. ಬೌಲರ್ ಥಾಮಸ್ ಬ್ರೆಟ್ ಬರೆದ ಆ ಟಿಪ್ಪಣಿಗೆ ರಿಚರ್ಡ್ ನೈರೆನ್ ಮತ್ತು ಜಾನ್ ಸ್ಮಾಲ್ ಸಹಿ ಹಾಕಿದರು. ಬ್ಯಾಟನ್ನು ತೂರಿಸಿ ಅಳೆಯಲು ಕಬ್ಬಿಣದ ಒಂದು ಚೌಕಟ್ಟನ್ನೂ ಮಾಡಿಸಿ ಇಟ್ಟುಕೊಂಡರು. 1774ರಲ್ಲಿ ನಿಯಮಗಳನ್ನು ಪರಿಷ್ಕರಿಸಿದಾಗ ಈ ಅಳತೆ ಅವುಗಳೊಳಗೆ ಸೇರಿತು. ಇಂದಿಗೂ ಬ್ಯಾಟಿನ ಗರಿಷ್ಠ ಅಗಲ ಅದೇ ನಾಲ್ಕೂಕಾಲು ಇಂಚು.

ಸ್ಟಂಪಿನ ಕಥೆ 1775ರ ಮೇ ತಿಂಗಳದು. ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಪಕ್ಷಕ್ಕೆ ಐವರಂತೆ ನಡೆದ ಪಂದ್ಯದಲ್ಲಿ ಜಾನ್ ಸ್ಮಾಲ್ ಕೊನೆಯವನಾಗಿ ಆಡಲಿಳಿದಾಗ ಗೆಲುವಿಗೆ 14 ರನ್ ಬೇಕಿತ್ತು. ಎದುರಿಗಿದ್ದವನು ‘ಲಂಪಿ’ ಎಂದು ಹೆಸರಾದ ಎಡ್ವರ್ಡ್ ಸ್ಟೀವನ್ಸ್. ಆಗ ವಿಕೆಟ್ ಎಂದರೆ ಎರಡು ಸ್ಟಂಪು, ಮೇಲೊಂದು ಬೇಲ್ ಎಂಬ ಅಡ್ಡಕಡ್ಡಿ; ಅದು ಬಿದ್ದರಷ್ಟೇ ಔಟ್. ಲಂಪಿಯ ಚೆಂಡು ಸ್ಮಾಲ್‌ನನ್ನು ವಂಚಿಸಿ ಮೂರು ಸಲ ಆ ಎರಡು ಸ್ಟಂಪುಗಳ ನಡುವಿನಿಂದಲೇ ಹಾದುಹೋಯಿತು. ಮೂರು ಸಲವೂ ಬೇಲ್ ಅಲುಗಲಿಲ್ಲ. ಸ್ಮಾಲ್ ಉಳಿದುಕೊಂಡು ಪಂದ್ಯ ಗೆಲ್ಲಿಸಿದ. ಒಳ್ಳೆಯ ಎಸೆತಕ್ಕೆ ಇದು ಶಿಕ್ಷೆಯೆಂದು ಎಲ್ಲರಿಗೂ ಮನವರಿಕೆಯಾಗಿ, ನಡುವೆ ಮೂರನೆಯ ಸ್ಟಂಪು ನೆಡುವ ಪದ್ಧತಿ ಕ್ರಮೇಣ ರೂಢಿಗೆ ಬಂತು. ಈ ಬದಲಾವಣೆಯ ಲಾಭ ಹ್ಯಾಂಬಲ್ಡನ್ನಿಗಲ್ಲ, ಎದುರಾಳಿಯ ಬೌಲರಿಗೆ ಸಿಗಬೇಕಾಗಿತ್ತು ಎಂಬುದನ್ನು ಗಮನಿಸಿ.

ಉತ್ತರ 2: ಹಳೆಯ ಸ್ಕೋರರ್

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ‘ಹಳ್ಳಿಯ ಕ್ಲಬ್’ ಎಂಬ ಮಾತೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸುವುದು.

ಹ್ಯಾಂಬಲ್ಡನ್ ಕ್ಲಬ್ಬಿನಲ್ಲಿ ಚಂದಾ ಕಟ್ಟುವ ಸದಸ್ಯರು ಬೇರೆ, ಮೈದಾನಕ್ಕಿಳಿಯುವ ಆಟಗಾರರು ಬಹುಪಾಲು ಬೇರೆ. ಸದಸ್ಯರು ಜಮೀನುದಾರರು, ಸೈನ್ಯ ಮತ್ತು ನೌಕಾದಳದ ಅಧಿಕಾರಿಗಳು, ಬಿರುದಾಂಕಿತರು. ಪ್ರಮುಖ ಪೋಷಕನಾದ ಪಾದ್ರಿ ಚಾರ್ಲ್ಸ್ ಪೌಲೆಟ್ ಬೋಲ್ಟನ್ನಿನ ಮೂರನೆಯ ಡ್ಯೂಕನ ಮಗ. ದೊಡ್ಡ ಪಂದ್ಯಗಳಿಗೆ ನೂರಾರು ಗಿನಿಗಳ (ಆಗಿನ ಚಿನ್ನದ ನಾಣ್ಯ) ಪಣ ಕಟ್ಟುತ್ತಿದ್ದವರು ಇವರೇ. ಆಡುತ್ತಿದ್ದವರು ಹಣ ಪಡೆದು ಆಡುವ ಕಸುಬುದಾರರು. ಜಾನ್ ಸ್ಮಾಲ್ ಪೀಟರ್ಸ್‌ಫೀಲ್ಡ್ ಪಟ್ಟಣದಲ್ಲಿ ಬೂಟು ಹೊಲಿಯುತ್ತಿದ್ದು, ಆಮೇಲೆ ಬ್ಯಾಟು ಮತ್ತು ಚೆಂಡು ತಯಾರಿಸುವುದನ್ನೇ ವ್ಯಾಪಾರ ಮಾಡಿಕೊಂಡವನು, ಪಿಟೀಲನ್ನೂ ಚೆನ್ನಾಗಿ ನುಡಿಸುತ್ತಿದ್ದವನು. ಬೌಲರ್ ಡೇವಿಡ್ ಹ್ಯಾರಿಸ್ ಕುಂಬಾರ. ‘ಸಿಲ್ವರ್ ಬಿಲ್ಲಿ’ ಎಂದು ಕರೆಸಿಕೊಂಡ ವಿಲಿಯಂ ಬೆಲ್ಡಮ್ ಸರ್‍ರೆಯ ಫಾರ್ನಮ್ ಸಮೀಪದ ರೈತ. ಇವರಲ್ಲಿ ಯಾರೂ ಹ್ಯಾಂಬಲ್ಡನ್ನಿನವರಲ್ಲ. ಹಳ್ಳಿ ಕೊಟ್ಟದ್ದು ಹೆಸರು, ಮೈದಾನ, ಪಾನಗೃಹ ಮತ್ತು ಸುಣ್ಣಕಲ್ಲಿನ ದಿಣ್ಣೆಯ ಮೇಲಿನ ಹುಲ್ಲು. ಆ ಹುಲ್ಲನ್ನು ಕಡಿಮೆಯೆಂದು ಎಣಿಸಬೇಡಿ. ಹುಲ್ಲು ಕತ್ತರಿಸುವ ಯಂತ್ರವಿಲ್ಲದ ಕಾಲದಲ್ಲಿ ಮೈದಾನ ಸಿದ್ಧಪಡಿಸುತ್ತಿದ್ದವು ಕುರಿಗಳೇ. ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲದೆ ಇಂಗಿಹೋಗುವುದರಿಂದ ಮಳೆ ಬಿದ್ದ ಮೇಲೂ ಆಡಲು ಅನುಕೂಲವಾಗುತ್ತಿತ್ತು.

ಈಗ ನೀವು ಹೇಳಿದ ಪಂದ್ಯ. ಅದು ನಡೆದದ್ದು 1777ರ ಜೂನ್ 18ರಿಂದ 20ರವರೆಗೆ, ಕೆಂಟಿನ ಸೆವೆನೋಕ್ಸ್ ಪಟ್ಟಣದ ವೈನ್ ಮೈದಾನದಲ್ಲಿ. ಇಂಗ್ಲೆಂಡ್ ತಂಡ 166 ಮತ್ತು 69, ಹ್ಯಾಂಬಲ್ಡನ್ ಪರ ಆಡಿದವರು 403. ಒಂದು ಇನಿಂಗ್ಸ್ ಮತ್ತು 168 ರನ್ನುಗಳ ಗೆಲುವು. ಜೇಮ್ಸ್ ಏಲ್ವರ್ಡ್ ಬುಧವಾರ ಸಂಜೆ ಐದಕ್ಕೆ ಕ್ರೀಸಿಗೆ ಬಂದವನು ಶುಕ್ರವಾರ ಮಧ್ಯಾಹ್ನ ಮೂರು ದಾಟಿದ ಮೇಲೆ ಔಟಾದ. ಅವನ ಗಳಿಕೆ 167. ಆಗ ಓವರಿಗೆ ನಾಲ್ಕೇ ಎಸೆತ, ಬೌಲಿಂಗ್ ತೋಳು ಮೇಲೆತ್ತದೆ ಕೆಳಗಿನಿಂದ, ಸ್ಕೋರು ಬರೆಯುತ್ತಿದ್ದದ್ದು ಅನೇಕ ಕಡೆ ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕಿ. 167 ಗೀರು! ಒಬ್ಬ ಸ್ಕೋರರನಾಗಿ ನನಗೆ ಏಲ್ವರ್ಡ್‌ಗಿಂತ ಆ ಚಾಕು ಹಿಡಿದವನ ಮೇಲೆಯೇ ಹೆಚ್ಚು ಕನಿಕರ. ಈ ದಾಖಲೆ ಮುರಿಯಲು 1820ರವರೆಗೆ ಕಾಯಬೇಕಾಯಿತು. ಲಾರ್ಡ್ಸ್ ಮೈದಾನದಲ್ಲಿ ವಿಲಿಯಂ ವಾರ್ಡ್ 278 ಗಳಿಸಿದ.

ಏಲ್ವರ್ಡ್‌ಗೆ ಆಮೇಲೆ ಏನಾಯಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಕೆಂಟಿನ ಶ್ರೀಮಂತ ಪೋಷಕ ಸರ್ ಹೊರೇಷಿಯೊ ಮ್ಯಾನ್ ಅವನನ್ನು ತನ್ನ ಜಮೀನಿನ ಮೇಲ್ವಿಚಾರಕನ ಕೆಲಸ ಕೊಟ್ಟು ಕರೆದುಕೊಂಡು ಹೋದ. ಹಣ ಮತ್ತು ಆಶ್ರಯದಿಂದ ಕೂಡಿದ ತಂಡ ಅದೇ ಹಣ ಮತ್ತು ಆಶ್ರಯ ಬೇರೆ ಕಡೆ ಸಿಕ್ಕಾಗ ಚದುರಲೇಬೇಕಿತ್ತು. 1787ರಲ್ಲಿ ಲಂಡನ್ನಿನಲ್ಲಿ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿ, ಹುಟ್ಟಿತು. ಥಾಮಸ್ ಲಾರ್ಡ್ ಮೈದಾನ ತೆರೆದ. ಶ್ರೀಮಂತರಿಗೆ ಗಾಳಿ ಹೊಡೆಯುವ ದಿಣ್ಣೆಗೆ ಕುದುರೆಯೇರಿ ಬರುವ ಅಗತ್ಯ ಉಳಿಯಲಿಲ್ಲ. ಕ್ಲಬ್ಬಿನ 1772ರಿಂದ 1796ರವರೆಗಿನ ನಡಾವಳಿ ಪುಸ್ತಕಗಳು ಉಳಿದುಬಂದಿವೆ. 1796ರ ಆಗಸ್ಟ್ 29ರ ಸಭೆಗೆ ಹಾಜರಾದವರಲ್ಲಿ ‘ಮಾನವ ಹಕ್ಕುಗಳ ಕುರಿತು ಬರೆದ ಥಾಮಸ್ ಪೇನ್’ ಎಂಬ ಹೆಸರಿದೆ. ಪೇನ್ ಆಗ ಇಂಗ್ಲೆಂಡಿನಲ್ಲಿ ಶಿಕ್ಷೆಗೊಳಗಾಗಿ ಫ್ರಾನ್ಸಿನಲ್ಲಿದ್ದವನು; ಯಾರೋ ತಮಾಷೆಗೆ ಬರೆದಿರಬೇಕೆಂದೇ ಇತಿಹಾಸಕಾರರು ಭಾವಿಸುತ್ತಾರೆ. ಸೆಪ್ಟೆಂಬರ್ 21ರ ನಮೂದು ಇನ್ನೂ ಚಿಕ್ಕದು: ಮಹನೀಯರು ಯಾರೂ ಬರಲಿಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಉತ್ತರ 3: ಬೌಂಡರಿ ಗೆರೆ

ಲೇಖನ ಬರೆಯುವವರಿಗೆ ಒಂದು ಚಿಕ್ಕ ಎಚ್ಚರಿಕೆ. 1745ರ ಜುಲೈ 26ರಂದು ಗಿಲ್ಡ್‌ಫರ್ಡ್ ಬಳಿಯ ಗಾಸ್ಡನ್ ಕಾಮನ್‌ನಲ್ಲಿ ಬ್ರಾಮ್ಲಿ ಮತ್ತು ಹ್ಯಾಂಬಲ್ಡನ್ ಹಳ್ಳಿಗಳ ಯುವತಿಯರು, ಪಕ್ಷಕ್ಕೆ ಹನ್ನೊಂದು ಮಂದಿಯಂತೆ, ಬಿಳಿಯ ಉಡುಪು ತೊಟ್ಟು ಪಂದ್ಯ ಆಡಿದರು. ಒಂದು ತಂಡ ತಲೆಗೆ ನೀಲಿ ರಿಬ್ಬನ್ನು, ಇನ್ನೊಂದು ಕೆಂಪು ರಿಬ್ಬನ್ನು ಕಟ್ಟಿತ್ತು. ಬ್ರಾಮ್ಲಿ 119, ಹ್ಯಾಂಬಲ್ಡನ್ 127. ದಾಖಲೆಗೆ ಸಿಕ್ಕಿರುವ ಮಹಿಳಾ ಪಂದ್ಯಗಳಲ್ಲಿ ಇದೇ ಮೊದಲನೆಯದು. ಆದರೆ ಈ ಹ್ಯಾಂಬಲ್ಡನ್ ಸರ್‍ರೆ ಕೌಂಟಿಯದು. ನೀವು ಬರೆಯುತ್ತಿರುವ ಹ್ಯಾಂಪ್‌ಷೈರಿನದಲ್ಲ. ಹೆಸರು ಒಂದೇ ಆದ್ದರಿಂದ ಈ ಕೀರ್ತಿಯನ್ನೂ ತೊಟ್ಟಿಲಿನ ಊರಿಗೆ ಹಾಕಿಬಿಟ್ಟ ಬರಹಗಳನ್ನು ನಾನು ಕಂಡಿದ್ದೇನೆ.

ಉತ್ತರ 4: ದಿಣ್ಣೆಯ ದಾರಿ

ಉಳಿದಿರುವುದೇನು ಎಂಬ ಪ್ರಶ್ನೆಗೆ ನನ್ನ ಉತ್ತರ. ಹಳೆಯ ಮೈದಾನದ ಹೆಸರು ಬ್ರಾಡ್‌ಹಾಫ್‌ಪೆನಿ ಡೌನ್. ಅದು ಊರಿನಿಂದ ಸುಮಾರು ಎರಡು ಮೈಲಿ ದೂರದಲ್ಲಿ, ಎತ್ತರದ ಬಯಲಿನಲ್ಲಿದೆ. ಕ್ಲಬ್ಬು 1782ರಲ್ಲಿ ಅದನ್ನು ಬಿಟ್ಟು ಊರಿಗೆ ಹತ್ತಿರದ ವಿಂಡ್‌ಮಿಲ್ ಡೌನ್‌ಗೆ ಸ್ಥಳಾಂತರಗೊಂಡಿತ್ತು. ಆದರೂ ಜನ ನೋಡಲು ಹೋಗುವುದು ಬ್ರಾಡ್‌ಹಾಫ್‌ಪೆನಿಗೇ. ನೈರೆನ್ ನಡೆಸುತ್ತಿದ್ದ ಪಾನಗೃಹ ‘ಬ್ಯಾಟ್ ಅಂಡ್ ಬಾಲ್’ ಎಂಬ ಹೆಸರಿನಲ್ಲಿ ರಸ್ತೆಯ ಆಚೆ ಬದಿಗಿದೆ. ಅದರ ಎದುರಿಗೆ 1908ರಲ್ಲಿ ನಿಲ್ಲಿಸಿದ ಗ್ರಾನೈಟ್ ಸ್ಮಾರಕವಿದೆ. ಅಲ್ಲಿ ಈಗ ಆಡುವವರು ‘ಬ್ರಾಡ್‌ಹಾಫ್‌ಪೆನಿ ಬ್ರಿಗಂಡ್ಸ್’ ಎಂಬ ಬೇರೊಂದು ಕ್ಲಬ್ಬಿನವರು. ಇಂದಿನ ಹ್ಯಾಂಬಲ್ಡನ್ ಕ್ಲಬ್ ಆಡುವುದು ರಿಜ್ ಮೆಡೋ ಎಂಬ ಮೈದಾನದಲ್ಲಿ. ಹೆಸರು ಒಬ್ಬರ ಬಳಿ, ನೆಲ ಇನ್ನೊಬ್ಬರ ಬಳಿ. ಪರಂಪರೆ ಯಾರದು ಎಂದು ಕೇಳಿದರೆ ಇಬ್ಬರದೂ ಎನ್ನದೆ ವಿಧಿಯಿಲ್ಲ.

ಹೋಲಿಕೆಗೆ ಸೆವೆನೋಕ್ಸ್ ವೈನ್ ಮೈದಾನವನ್ನು ನೋಡಬಹುದು. ಮೂರನೆಯ ಡಾರ್ಸೆಟ್ ಡ್ಯೂಕ್ ಅದನ್ನು 1773ರಲ್ಲಿ ಊರಿಗೆ ಬಿಟ್ಟುಕೊಟ್ಟ. ಕ್ಲಬ್ಬು ವರ್ಷಕ್ಕೆ ಎರಡು ಕರಿಮೆಣಸಿನ ಕಾಳನ್ನು, ಒಂದು ಮೈದಾನಕ್ಕೆ ಮತ್ತೊಂದು ಪೆವಿಲಿಯನ್ನಿಗೆ, ಪಟ್ಟಣ ಸಭೆಗೆ ಬಾಡಿಗೆಯಾಗಿ ಸಲ್ಲಿಸುತ್ತದೆ. ಪಟ್ಟಣ ಸಭೆಯವರು, ಕೇಳಿದರೆ, ಆ ಡ್ಯೂಕನ ಸ್ಯಾಕ್‌ವಿಲ್ ಮನೆತನದ ಯಜಮಾನರಿಗೆ ಒಂದು ಕ್ರಿಕೆಟ್ ಚೆಂಡು ಕೊಡಬೇಕು. ಸ್ಮಾರಕದ ಕಲ್ಲಿಗಿಂತ ಇಂಥ ಕರಾರು ನನಗೆ ಹೆಚ್ಚು ಜೀವಂತವಾಗಿ ಕಾಣುತ್ತದೆ. ಇನ್ನು ನಿಜವಾದ ಅರ್ಥದ ಹಳ್ಳಿ ಕ್ರಿಕೆಟ್ ಬೇಕೆಂದರೆ 1972ರಲ್ಲಿ ಆರಂಭವಾದ ರಾಷ್ಟ್ರೀಯ ಹಳ್ಳಿಗಳ ಕಪ್ಪಿನ ಕಥೆ ಓದಿ. ಅದರ ಮೊದಲ ಫೈನಲ್ ನಡೆದದ್ದು ಲಾರ್ಡ್ಸ್‌ನಲ್ಲಿ, ಗೆದ್ದದ್ದು ಕಾರ್ನ್‌ವಾಲಿನ ಟ್ರೂನ್ ಹಳ್ಳಿ. 1985ರಲ್ಲಿ ಸ್ಕಾಟ್ಲೆಂಡಿನ ಫ್ರೂಕಿ ಮತ್ತು ಸರ್‍ರೆಯ ರೌಲೆಜ್ ತಲಾ 134 ಗಳಿಸಿ ಸಮನಾದಾಗ, ಕಡಿಮೆ ವಿಕೆಟ್ ಕಳೆದುಕೊಂಡ ಫ್ರೂಕಿಗೆ ಕಪ್ಪು ಹೋಯಿತು. ಅಲ್ಲಿ ಡ್ಯೂಕನೂ ಇರಲಿಲ್ಲ, ಗಿನಿಯ ಪಣವೂ ಇರಲಿಲ್ಲ.

ಹೊಸ ಓದುಗ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಲೇಖನದ ಮೊದಲ ವಾಕ್ಯವನ್ನು ಹೀಗೆ ತಿದ್ದಿಕೊಂಡಿದ್ದೇನೆ: ‘1750ರಲ್ಲಿ ಸ್ಥಾಪನೆಯಾದ ಹ್ಯಾಂಬಲ್ಡನ್ ಕ್ಲಬ್, ಹಳ್ಳಿಯ ಹೆಸರಿನಲ್ಲಿ ಶ್ರೀಮಂತರು ನಡೆಸಿದ, ಸುತ್ತಲಿನ ಕೌಂಟಿಗಳ ಕಸುಬುದಾರರು ಆಡಿದ, ಆಟದ ಅಳತೆಗಳನ್ನು ಬರೆದಿಟ್ಟ ಸಂಸ್ಥೆ.’ ತೊಟ್ಟಿಲನ್ನು ತೆಗೆದುಹಾಕಿದ್ದೇನೆ. ಇನ್ನೇನಾದರೂ ತಪ್ಪಿದ್ದರೆ ತಿಳಿಸಿ.

ಇತಿಹಾಸದ ಮೇಷ್ಟ್ರು

ವಾಕ್ಯ ಚೆನ್ನಾಗಿದೆ, ಆದರೆ 1750ನ್ನೂ ತೆಗೆಯಿರಿ. ಅದು ಅಂದಾಜಿನ ವರ್ಷ. ಸ್ಥಾಪನೆಯ ಪತ್ರವೆಂಬುದು ಇಲ್ಲ. ಬ್ರಾಡ್‌ಹಾಫ್‌ಪೆನಿಯಲ್ಲಿ ಕ್ರಿಕೆಟ್ ನಡೆದದ್ದಕ್ಕೆ ಸಿಗುವ ಅತ್ಯಂತ ಹಳೆಯ ಉಲ್ಲೇಖ 1756ರ ಒಂದು ಪತ್ರಿಕಾ ಜಾಹೀರಾತು. ಸಮೀಪದ ಚಾಲ್ಟನ್ ಊರಿನ ಪಾದ್ರಿ ಕೀಟ್ಸ್ ಅಲ್ಲಿಯ ಕ್ರಿಕೆಟ್ ಪಂದ್ಯದ ವೇಳೆ ತಮ್ಮ ನಾಯಿ ಕಳೆದುಹೋಗಿದೆಯೆಂದು ಕೊಟ್ಟದ್ದು ಅದು. ಸ್ಥಾಪನೆಯ ವರ್ಷ ಬರೆಯುವ ಜಾಗದಲ್ಲಿ ಆ ನಾಯಿಯನ್ನೇ ತನ್ನಿ.