ಗಾಳಿ ಹೊಡೆದ ಮೇಲೆ ಹೆಂಚಿನ ಮಾಡಿನಲ್ಲಿ ಏನೇನು ನೋಡಬೇಕು?

ಕರಾವಳಿಮನೆ:
ಉಡುಪಿ ಕಡೆಯ ಹಳೇ ಮನೆ, ಮಂಗಳೂರು ಹೆಂಚು. ಹಿಂಬದಿ ತಾರಸಿ ಮೇಲೆ ಪೈಪು ನಿಲ್ಲಿಸಿ ತಗಡಿನ ಶೀಟ್ ಹಾಕಿದೆ. ಮೊನ್ನೆಯ ಗಾಳಿಗೆ ಸೂರಿನ ನಾಲ್ಕು ಹೆಂಚು ಬಿದ್ದಿವೆ, ಉಳಿದದ್ದು ಕೆಳಗಿಂದ ಸರಿಯಾಗೇ ಕಾಣುತ್ತದೆ. ಆ ನಾಲ್ಕನ್ನು ಹಾಕಿಸಿದರೆ ಸಾಕಾ? ವಿಮೆ ಇದೆ. ಒಡೆದದ್ದು ಗಾಳಿಗೋ, ಮೊದಲೇ ಒಡೆದಿತ್ತೋ ಎಂದು ಹೇಗೆ ತಿಳಿಯುವುದು?

ರೀಪು_ಪಕ್ಕಾಸು:
ಸಾಕಾಗುವುದಿಲ್ಲ ಮಾರಾಯ್ರೇ. ಗಾಳಿ ಹೆಂಚನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎತ್ತುತ್ತದೆ. ಎದ್ದು ಮತ್ತೆ ಕೂತ ಹೆಂಚು ದೂರದಿಂದ ಸರಿಯೇ ಕಾಣುತ್ತದೆ. ಸೂರು, ನೆತ್ತಿ, ಮಾಡಿನ ಎರಡೂ ಕೊನೆ ಮೊದಲು ನೋಡಿ. ಗಾಳಿ ಪಡುವಣದಿಂದ ಬಂದಿದ್ದರೂ ಮೂಡಣದ ಇಳಿಜಾರು ಬಿಡಬೇಡಿ, ಎಳೆತ ಅಲ್ಲೂ ಇರುತ್ತದೆ.

ಮಧ್ಯಾಹ್ನ ಅಟ್ಟಕ್ಕೆ ಹತ್ತಿ ದೀಪ ಆರಿಸಿ. ಚುಕ್ಕಿ ಬೆಳಕು ಹೆಂಚಿನ ಮಾಡಿನಲ್ಲಿ ಮಾಮೂಲು. ಉದ್ದನೆಯ ಗೆರೆ ಕಂಡರೆ ಅಲ್ಲಿ ಹೆಂಚು ಜಾರಿದೆ. ಹೆಂಚಿನ ಅಡಿಬದಿಯ ಗುಬುಟು (ಉಬ್ಬಿದ ಕೊಕ್ಕೆಯಂಥ ಭಾಗ) ರೀಪಿಗೆ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗೆ, ಸಿಕ್ಕಿಕೊಂಡಿದೆಯಾ ನೋಡಿ. ಗುಬುಟು ಮುರಿದ ಹೆಂಚು ಬರೀ ಭಾರದಿಂದ ಕೂತಿರುತ್ತದೆ, ಮುಂದಿನ ಗಾಳಿಗೆ ಹೋಗುತ್ತದೆ. ಸಂಶಯವಿದ್ದದ್ದನ್ನು ಬೆರಳಲ್ಲಿ ತಟ್ಟಿ. ಬಿರುಕು ಬಿಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ.

ಹೊಸ ಒಡಕು ಒಳಗೆ ಕೆಂಪಗೆ, ಸ್ವಚ್ಛ. ಹಳತರ ಅಂಚಿಗೆ ಪಾಚಿ, ಕಪ್ಪು ಹತ್ತಿರುತ್ತದೆ. ವಿಮೆಯವರೂ ಇದನ್ನೇ ನೋಡುವುದು.

ಶೀಟ್‌ಕೆಲಸ:
ತಗಡನ್ನು ಮರೆಯಬೇಡಿ. ನಾಲ್ಕೂ ಕಡೆ ತೆರೆದ ತಾರಸಿಯಲ್ಲಿ ಗಾಳಿ ಅಡಿಯಿಂದಲೇ ನುಗ್ಗುತ್ತದೆ, ಹೆಚ್ಚಿನ ಅಪಾಯ ಅಲ್ಲೇ. ಮೂಲೆಯ ಸ್ಕ್ರೂಗಳ ಸುತ್ತ ಹೊಳೆಯುವ ಉಜ್ಜಿದ ಗುರುತು ಇದ್ದರೆ ಶೀಟ್ ಪಟಪಟ ಬಡಿದಿದೆ. ತೂತು ಉದ್ದಕ್ಕೆ ಹಿಗ್ಗಿದ್ದರೆ ಅದೇ ಸ್ಕ್ರೂ ಬಿಗಿ ಮಾಡಿ ಪ್ರಯೋಜನವಿಲ್ಲ. ಹಳೇ ತೂತು ಸೀಲ್ ಮಾಡಿ, ಪಕ್ಕದಲ್ಲಿ ಹೊಸದು ಹೊಡೆಸಿ, ರಬ್ಬರ್ ವಾಷರ್ ಬದಲಿಸಿ. ಅತಿಯಾಗಿ ಬಿಗಿದರೆ ವಾಷರೇ ಸೀಳುತ್ತದೆ. ಪೈಪಿನ ಬುಡದ ಬೋಲ್ಟ್ ಸುತ್ತ ಗಾರೆ ಬಿರುಕು ಬಿಟ್ಟಿದೆಯಾ? ಬಿಟ್ಟಿದ್ದರೆ ಕಂಬ ಅಲುಗಾಡಿದೆ, ಮೊದಲು ಅದನ್ನು ಸರಿಮಾಡಿಸಿ. ಹತ್ತುವಾಗ ಪರ್ಲಿನ್ (ಶೀಟ್ ಹೊತ್ತ ಅಡ್ಡ ಪೈಪು) ಸಾಲಿನ ಮೇಲಷ್ಟೇ ಕಾಲಿಡಿ. ಸಿಮೆಂಟ್ ಶೀಟ್ ಆಗಿದ್ದರೆ ಹತ್ತಲೇಬೇಡಿ.

ಪಾಲಿಸಿಪುಟ:
ರಿಪೇರಿಗೆ ಮೊದಲು ಕಂಪನಿಗೆ ತಿಳಿಸಿ. ಪ್ರತಿ ಇಳಿಜಾರಿನ ಫೋಟೊ ದೂರದಿಂದ ಒಂದು, ಹತ್ತಿರದಿಂದ ಒಂದು. ಬಿದ್ದ ಚೂರುಗಳನ್ನು ಎಸೆಯಬೇಡಿ. ಟಾರ್ಪಾಲ್ ಹೊದೆಸಬಹುದು, ಬಿಲ್ ಇಟ್ಟುಕೊಳ್ಳಿ. ಸರ್ಕಾರದ ಪರಿಹಾರ ಬೇರೆ ದಾರಿ, ಅದಕ್ಕೆ ಗ್ರಾಮ ಆಡಳಿತಾಧಿಕಾರಿಯ ಮಹಜರು ಬೇಕು.

ಕರಾವಳಿಮನೆ:
ನೋಡಿದೆ. ನೆತ್ತಿಯ ಗಾರೆ ಉದ್ದಕ್ಕೂ ಬಿರಿದಿದೆ. ಮೇಲೆ ಸಿಮೆಂಟ್ ಮೆತ್ತಿದರೆ ಆಗುತ್ತದಾ?

ರೀಪು_ಪಕ್ಕಾಸು:
ಆಗದು. ಸಡಿಲ ಗಾರೆ ಪೂರ್ತಿ ಕೆತ್ತಿ ತೆಗೆಯಿರಿ, ಹೆಂಚು ನೀರಲ್ಲಿ ನೆನೆಸಿ, 1 ಸಿಮೆಂಟ್, 1 ಸುಣ್ಣ, 6 ಮರಳಿನ ಗಾರೆಯಲ್ಲಿ ಕೂರಿಸಿ. ಬರೀ ಸಿಮೆಂಟ್ ಹೆಚ್ಚಾದರೆ ಕುಗ್ಗಿ ಮತ್ತೆ ಬಿರಿಯುತ್ತದೆ. ಸೂರಿನ ಎರಡು ಸಾಲನ್ನು ಗುಬುಟಿನ ತೂತಿನಿಂದ ರೀಪಿಗೆ ತಾಮ್ರದ ತಂತಿಯಲ್ಲಿ ಕಟ್ಟಿಸಿ. ಬೈಂಡಿಂಗ್ ವಯರ್ ಬೇಡ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.